ಕರಣಿಕನ ಕಡತ, ಹನ್ನೊಂದನೆಯ ಮಡಿಕೆ

ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ
ನನ್ನವಳು ಬಟ್ಟೆಗೆ ಬಳಿದಿದ್ದಾಳೆ.
ಒಣಗಿದೆ. ಬಳಪ ಚೂಪಾಗಿದೆ.
ಏನು ಬರೆಯಲಿ ಎಂದರೆ
ಮೂರು ದಿಕ್ಕಿನಿಂದ ಮೂರು ಕೆಮ್ಮು.

ಮೊದಲು ಹೀಗೆ ಬರೆದೆ:
ಬಿದಿರುಗೋಡು ಸೀಮೆಯ ಒಡೆಯ ಮರುಳಸಿದ್ಧ ನಾಯಕರು
ಕಲ್ಲುಮಠದ ಪಟ್ಟಕ್ಕೆ ಮರಿಯನ್ನು ತಾವೇ ಆರಿಸಿ
ಭಾವಮೈದುನನ ತಲೆಗೆ ಕಾವಿ ಸುತ್ತಿಸಿದರು.

ಮಠದಿಂದೊಬ್ಬ ಬಂದ, ಒದ್ದೆ ಅರಿವೆ ಹಿಡಿದು.
ಒರೆಸಿದ.
'ಸುತ್ತಿಸಿದರು ಅಲ್ಲ ಕರಣಿಕರೇ,
ಸುತ್ತಿಸಲು ಹವಣಿಸಿದರು.'

ಆ ಒಂದು ಕ್ರಿಯಾಪದಕ್ಕೆ ಮಠ ಕದ ಹಾಕಿತು.
ಹೆಣ ಹೂಳಲು ಅಯ್ಯನವರಿಲ್ಲ,
ಹುಟ್ಟಿದ ಕೂಸಿಗೆ ಲಿಂಗ ಕಟ್ಟುವವರಿಲ್ಲ,
ದಾಸೋಹದ ಒಲೆಯಲ್ಲಿ ಬೆಕ್ಕು ಮರಿ ಹಾಕಿತು.
ಪಟ್ಟದಯ್ಯನವರು ಇಟ್ಟ ವಿಭೂತಿ
ನಾಯಕರ ಹಣೆಯಿಂದ ಬೆವರಿಗೇ ಹೋಯಿತು,
ಮತ್ತೆ ಇಡುವ ಕೈ ಬರಲಿಲ್ಲ.

ಬೋಳು ಹಣೆಯ ದೊರೆಗೆ ಕಂದಾಯ ಸಲ್ಲುತ್ತದೆಯೆ?
ಹನ್ನೆರಡು ನಾಡಗೌಡರು ಈ ಪ್ರಶ್ನೆಯನ್ನು
ಬಹಳ ಭಕ್ತಿಯಿಂದ ಕೇಳಿದರು.
ಅವರ ಅಟ್ಟದಲ್ಲಿ ಆಗ
ಎರಡು ವರ್ಷದ ಮೆಣಸಿತ್ತು, ಸುಂಕ ಕಾಣದ್ದು.
ಹುಲಿಕಲ್ಲು ಘಾಟಿಯ ಉಕ್ಕಡಕ್ಕೆ
ಬಿದಿರು ಕಡಿದು ಅಡ್ಡ ಹಾಕಿದರು.
ಕೆಳಗಿನ ಸೀಮೆಯ ಉಪ್ಪಿನೆತ್ತು ಮೇಲೆ ಹತ್ತಲಿಲ್ಲ.
ಊರಿನ ಸಾರಿಗೆ ಮೊದಲು ರುಚಿ ಹೋಯಿತು,
ಆಮೇಲೆ ದೊರೆಗೆ ಕೈ ಮುಗಿಯುವ ಅಭ್ಯಾಸ.

ಆಷಾಢದ ಎರಡನೆಯ ಸೋಮವಾರ
ನಾಯಕರು ಪಲ್ಲಕ್ಕಿ ಬಿಟ್ಟರು, ಜೋಡು ಬಿಟ್ಟರು,
ಕಂಬಳಿಕೊಪ್ಪೆ ಹೊದ್ದು
ಮಠದ ಬಾಗಿಲಿಗೆ ಬಂದು ನಿಂತರು.
ನಾನೂ ಹಿಂದೆ ನಿಂತೆ, ಕಂಕುಳಲ್ಲಿ ಕಡತ.
ಮೊದಲ ದಿನ ಕಿಟಕಿ ತೆರೆಯಿತು, ಮುಚ್ಚಿತು.
ಎರಡನೆಯ ದಿನ ಕಿಟಕಿಯೂ ಇಲ್ಲ.
ಇಂಬಳಗಳಿಗೆ ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ.
ಎಡಗಾಲಿಗೆ ಹದಿನಾಲ್ಕು, ಬಲಗಾಲಿಗೆ ಒಂಬತ್ತು,
ಎಣಿಸಿದ್ದೇನೆ, ಎಣಿಸುವುದೇ ನನ್ನ ಕಸುಬು.
'ಒಂದು ಚಿಟಿಕೆ ಉಪ್ಪು' ಎಂದರು ನಾಯಕರು,
ಉಪ್ಪಿನ ಸುಂಕದಲ್ಲಿ ಕೋಟೆ ಕಟ್ಟಿಸಿದ ಮನೆತನದವರು.
ಕಾವಲಿನವ ನನ್ನ ಮುಖ ನೋಡಿದ.
ನಾನು ನೆಲ ನೋಡಿದೆ.

ಮೂರನೆಯ ಬೆಳಗ್ಗೆ ಕದ ಕಿರ್ರೆಂದಿತು.
ಪಟ್ಟದಯ್ಯನವರೇ ಬಂದರು, ಎಂಬತ್ತರ ಮುದಿ ಜೀವ,
ಬೊಗಸೆಯಲ್ಲಿ ಬೂದಿಯಲ್ಲ, ಉಪ್ಪು.
ಮಠದ ಉಗ್ರಾಣಕ್ಕೆ ಸುಂಕವಿಲ್ಲ, ಕೊರತೆಯೂ ಇಲ್ಲ.
ಮಂಡಿಯೂರಿ ದೊರೆಯ ಕಾಲಿಗೆ ತಾವೇ ಉಜ್ಜಿದರು.
ಇಂಬಳ ಉದುರಿತು, ನೆತ್ತರು ನಿಲ್ಲಲಿಲ್ಲ.
ನೆರೆದವರು ಅತ್ತರು. ನಾನೂ ಅತ್ತೆ, ಸುಳ್ಳಲ್ಲ.
ಆದರೆ ಹಿಂದಿನ ರಾತ್ರಿ
ಮಠದ ಹಿತ್ತಿಲ ಬಾಗಿಲಿಗೆ ಬಂದ ಓಲೆಯನ್ನು
ಓದಿ ಹೇಳಿದವನೂ ನಾನೇ, ಅಯ್ಯನವರ ಕಣ್ಣು ಮಂಜು.
ಗೌಡರು ಬರೆದಿದ್ದರು:
ನಾಯಕನ ಕತೆ ಮುಗಿಯಿತು,
ಇನ್ನು ಮಠದ ಉಂಬಳಿ ಗದ್ದೆಯ ಅಳತೆ ಆಗಲಿ.

ಅದನ್ನು ಬರೆಯಲೆ?

ಅರಮನೆ ಹೇಳಿತು: 'ದರ್ಶನಕ್ಕೆ ಕಾದರು' ಎಂದು ಬರಿ.
ಮಠ ಹೇಳಿತು: 'ಶರಣು ಬಂದರು' ಎಂದು ಬರಿ.
ತಲೆ ಉಳಿದ ಏಳು ಗೌಡರು ಹೇಳಿ ಕಳಿಸಿದರು:
ನಮ್ಮ ಹೆಸರು ಬರೆಯಬೇಡ, ಮೆಣಸು ಕಳಿಸಿದ್ದೇವೆ.
ಬರೆದೆ, ಒರೆಸಿದರು. ಬರೆದೆ, ಒರೆಸಿದೆ.
ಬಟ್ಟೆ ಬೆಳ್ಳಗಾಯಿತು.
ನನ್ನವಳು ಬೈದಳು:
'ಇವರ ಜಗಳಕ್ಕೆ ನನ್ನ ಹುಣಸೆಬೀಜ ತೀರಿತು.'

ಭಾವಮೈದುನ ಕಾವಿ ಬಿಚ್ಚಿ ಕುದುರೆ ಏರಿದ.
ಘಾಟಿಯ ಬುಡದಲ್ಲಿ ತಿಂಗಳು ಕಾದ
ಎತ್ತಿನ ಚೌಡನ ಉಪ್ಪು
ಗೋಣಿಯಲ್ಲೇ ನೀರಾಗಿ ಇಳಿದುಹೋಯಿತಂತೆ.
ಎತ್ತು ಆ ಕಲ್ಲು ನೆಕ್ಕುತ್ತ ನಿಂತಿತ್ತಂತೆ.
ಅವನಿಗೆ ಯಾರು ಕೊಡಬೇಕು, ದೊರೆಯೆ, ಮಠವೆ, ಗೌಡರೆ?
ಕೇಳಲು ಬಂದಿದ್ದಾನೆ, ಜಗಲಿಯ ಕೆಳಗೆ ಕೂತಿದ್ದಾನೆ,
ಎಲೆ ಅಡಿಕೆ ಕೊಟ್ಟಿದ್ದೇನೆ.

ಹನ್ನೊಂದನೆಯ ಮಡಿಕೆಯಲ್ಲಿ ಈಗ ಇರುವುದು ಇಷ್ಟು:
'ಉಪ್ಪು, ಒಂದು ಬೊಗಸೆ,
ಮಠದ ಉಗ್ರಾಣದಿಂದ ಅರಮನೆಯ ಲೆಕ್ಕಕ್ಕೆ. ಬಾಕಿ.'

ಇದನ್ನು ಒರೆಸಲು ಇನ್ನೂ ಯಾರೂ ಬಂದಿಲ್ಲ.
ಚೌಡ ಕೆಮ್ಮುತ್ತಾನೆ.